ಎಡಕ್ಕ ಹೊಳ್ಳಿದರ ಹಾರ್ನು

ಬನಹಟ್ಟಿಯ ನಮ್ಮ ಓಣಿ ಮೂಲಿಯೊಳಗ
ಹ್ಯಾಂಡಲ್ ಎಡಕ್ಕ ಹೊಳ್ಳಿಸಿ ಬ್ರೇಕ್ ಹಿಡಿದರ ಸಾಕು,
ಗಾಡಿ ತಾನ ಒದರತಿತ್ತು.
ಬಲಕ್ಕ ಹೊಳ್ಳಿದರ ಇಲ್ಲ. ನೆಟ್ಟಗ ಹೋದರ ಇಲ್ಲ.
ಎಡಕ್ಕ ಅಷ್ಟ, ಬ್ರೇಕ್ ಹಿಡಿದಾಗಷ್ಟ,
ಅದೂ ಸರಿಯಾಗಿ ಅಣ್ಣನ ಮನಿ ಕಟ್ಟಿ ಮುಂದ.

ಮಗ್ಗ ಪಾಲಾದ ದಿನದಿಂದ
ನಾಕು ವರ್ಷ ನಾವು ಮಾತಾಡಿಲ್ಲ.
ಎಂಟು ಮಗ್ಗ, ನಾಕು ನಾಕು, ಲೆಕ್ಕ ಸರಿ ಇತ್ತು.
ಕೆಟ್ಟಿದ್ದು ಒಂದು ಹಳೇ ಮೋಟಾರಿನ ಸಲುವಾಗಿ.
ಈಗ ಅದು ಅವನ ಹಂತ್ಯಾಕೂ ಇಲ್ಲ, ನನ್ನ ಹಂತ್ಯಾಕೂ ಇಲ್ಲ,
ಗುಜರಿಗೆ ಹೋತು.

ಹಾರ್ನ್ ಆದಾಗೊಮ್ಮೆ ಚನಬಸು ಹೊರಗ ಬರತಿದ್ದ.
ಕೈಯಾಗ ಒಮ್ಮೆ ರೊಟ್ಟಿ ತುಣುಕು, ಒಮ್ಮೆ ಕಂಡಿಕಿ,
ಒಮ್ಮೆ ಅರ್ಧ ಮುಖಕ್ಕ ಸಾಬೂನು ಬುರುಗು.
ನಾ ಗಾಡಿಗೆ ಬೈಕೋತ ಮುಂದ ಹೋಗಾಂವ,
ಅವ ನಿಂತು ನೋಡಿ ಒಳಗ ಹೋಗಾಂವ.

"ಅರ್ಥ್ ಸರಿ ಇಲ್ಲ" ಅಂದ ಗ್ಯಾರೇಜಿನ ದಸ್ತಗೀರ.
ಯಾವುದರ ಅರ್ಥ ಅಂತ ಕೇಳಲಿಲ್ಲ ನಾ.
"ನಾಳೆ ಬಿಟ್ಟು ಹೋಗು, ನೂರಾ ಐವತ್ತು."
ಮಗ್ಗದ ಮೋಟಾರು ಸಪ್ಪಳದ ಮ್ಯಾಲೇ ದುರಸ್ತಿ ಮಾಡಾಂವ ನಾನು,
ಒಂದು ಪೀಪಿಗೆ ನೂರಾ ಐವತ್ತ?

ಸಂಜಿಮುಂದ ಪಡಸಾಲ್ಯಾಗ ಗಾಡಿ ಏರಿಸಿದೆ.
ಸೀಟು ಬಿಚ್ಚಿ, ಪೆಟ್ರೋಲ್ ಪೈಪಿಗೆ ಬೋಲ್ಟ್ ತುರುಕಿ,
ಟಾಕಿ ಎತ್ತಿ ಗೋಣಿಚೀಲದ ಮ್ಯಾಲೆ ಮಲಗಿಸಿದೆ.
ನಟ್ಟು ತಿರುಪು ಎಲ್ಲಾ ಹಿಟ್ಟು ನಾದೋ ಪರಾತದಾಗ.
ಮನ್ಯಾಕಿ ಪರಾತ ನೋಡಿದಳು, ನನ್ನ ನೋಡಿದಳು, ಏನೂ ಅನಲಿಲ್ಲ.
ಆ ಅನದಿದ್ದ ಮಾತು ಎಷ್ಟು ಉದ್ದಂತ ನನಗ ಗೊತ್ತು.

ಅಷ್ಟರಾಗ ಕರೆಂಟ್ ಹೋತು.
ಇಡೀ ಓಣಿಯ ಮಗ್ಗ ಒಮ್ಮೆಗೇ ಬಾಯಿ ಮುಚ್ಚಿದವು.
ಮೊಬೈಲ್ ಬ್ಯಾಟರಿ ಹಿಡಿದಳು ಮಗಳು ದಾನೇಶ್ವರಿ.
ಆಕಿ ಎಲ್ಲಿ ನೋಡತಾಳೋ ಅಲ್ಲಿ ಬೆಳಕು,
ನನ್ನ ಬೆರಳು ಎಲ್ಲಿ ಅದಾವೋ ಅಲ್ಲಿ ಕತ್ತಲಿ.
"ಇಲ್ಲಿ ಹಿಡಿಯವಾ."
"ಇಲ್ಲೇ ಹಿಡದೀನಲ್ಲಪಾ."
ಗೋಡಿ ಮ್ಯಾಲಿನ ಹಲ್ಲಿ, ಜಂತಿ, ನನ್ನ ಬೋಳು ನೆತ್ತಿ
ಎಲ್ಲಾ ಬೆಳಗಿದ ಮ್ಯಾಲೆ ತಂತಿ ಕಂಡವು.

ಕೆಂಪು, ಕಂದು, ಹಸರು, ಕರೀದು
ಧೂಳು ತಿಂದು ತಿಂದು ಎಲ್ಲಾ ಒಂದ ಮಣ್ಣಬಣ್ಣ.
ಒಂದು ಕಡೆ ಸುತ್ತಿದ್ದು ಸೈಕಲ್ ಟ್ಯೂಬಿನ ಪಟ್ಟಿ,
ಒಂದು ಕಡೆ ದವಾಖಾನಿಯ ಬಿಳಿ ಪಟ್ಟಿ,
ಮತ್ತೊಂದು ಕಡೆ ಮಗ್ಗದ ನೂಲು:
ಎಡಗೈಲೆ ಸುತ್ತಿ, ತುದಿ ಒಳಗ ಸೇರಿಸಿ ಜಗ್ಗಿದ ಗಂಟು.
ಗಾಡಿ ಇಬ್ಬರದೂ ಒಂದ ಇದ್ದಾಗಿನದು.
ಎಂಟು ಮಳಿಗಾಲ ನೀರು ಕುಡಿದರೂ ಸಡ್ಲ ಆಗಿಲ್ಲ ಮಗಂದು.
ಬಿಚ್ಚಲಿಲ್ಲ. ಬಿಚ್ಚೋ ಕಾರಣನೂ ಇರಲಿಲ್ಲ.

ದೋಷ ಇದ್ದದ್ದು ಮುಂದ, ಹ್ಯಾಂಡಲ್ ಕುತ್ತಿಗಿ ಹಂತ್ಯಾಕ.
ಎಡಕ್ಕ ಹೊಳ್ಳಿದಾಗೊಮ್ಮೆ ಕಬ್ಬಿಣದ ಅಂಚು ಉಜ್ಜಿ ಉಜ್ಜಿ
ಬ್ರೇಕ್ ಲೈಟಿನ ತಂತಿ, ಹಾರ್ನಿನ ತಂತಿ
ಎರಡರ ಸಿಪ್ಪಿಯೂ ಸವದು
ತಾಮ್ರಕ್ಕ ತಾಮ್ರ ತಾಕತಿತ್ತು.
ಉಗುರಿನಷ್ಟು ಜಾಗ.
ಹಲ್ಲಿಲೆ ಸಿಪ್ಪಿ ಸುಲಿದೆ, ಹೊಸ ತುಂಡು ಕೂಡಿಸಿದೆ,
ಬ್ಯಾರೆ ಬ್ಯಾರೆ ಟೇಪು ಸುತ್ತಿದೆ
ಒಂದಕ್ಕೊಂದು ಮುಟ್ಟದಂಗ.
"ಇನ್ನ ಒದರೂದಿಲ್ಲೇನಪಾ?"
ಒದರೂದಿಲ್ಲ.
ಕರೆಂಟ್ ಬಂತು. ಮಗ್ಗ ಸುರುವಾದವು.
ಒಂದು ಸ್ಕ್ರೂ ಪರಾತದಾಗ ಉಳೀತು,
ಎಲ್ಲಿದೋ ಇನ್ನೂ ತಿಳಿದಿಲ್ಲ.

ಮರುದಿನ ಸಂಜಿಗೆ ಮೂಲಿಗೆ ಬಂದೆ.
ಎಡಕ್ಕ ಹೊಳ್ಳಿಸಿದೆ. ಬ್ರೇಕ್ ಹಿಡಿದೆ.
ಸಪ್ಪಳಿಲ್ಲ.
ಇಷ್ಟು ಚಂದ ಕೆಲಸ ಮಾಡಿದ್ದಕ್ಕ ಯಾಕೋ ಸಿಟ್ಟು ಬಂತು.
ಚನಬಸು ಆಗಲೇ ಕಟ್ಟಿ ಮ್ಯಾಲೆ ನಿಂತಿದ್ದ,
ಜಮಖಂಡಿ ಬಸ್ಸಿಗೆ ನಿಂತಂಗ.
ಅವನ್ನ ದಾಟಿ ನಾಕು ಮಾರು ಹೋಗಿದ್ದೆ,
"ರಿಪೇರಿ ಆತೇನು?" ಅಂದ, ನನ್ನ ಬೆನ್ನಿಗೆ.
"ಹೂಂ."
"ಯಾರು ಮಾಡಿದರು?"
"ಮನ್ಯಾಗ. ನಾನ."
ಗಾಡಿ ನಿಂತಲ್ಲೇ ಗುರುಗುಡತಿತ್ತು.
"ಸೀಟಿನ ಕೆಳಗ ನೂಲು ಸುತ್ತಿದ್ದು ಒಂದದ,
ಅದನ್ನ ಬಿಚ್ಚಿಲ್ಲಲಾ?"

ಚಾವಿ ತಿರುವಿ ಗಾಡಿ ಬಂದ್ ಮಾಡಿದೆ.